ಹೆಚ್‌ಇಬಿಎ ಓದಿದವರಿಗೆ ಬಿಬಿಎ ಸೀಟು ಸಿಗಲ್ವಾ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದ ಒಂದು ಕಾಲೇಜಿನಲ್ಲಿ ಎರಡನೇ ಪಿಯು ಕಾಮರ್ಸ್ ಓದುತ್ತಿದ್ದೇನೆ. ಕಾಂಬಿನೇಷನ್ ಹೆಚ್‌ಇಬಿಎ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ; ಗಣಿತ ಇಲ್ಲ. ಬಿಬಿಎ ಮಾಡಬೇಕು ಅಂತ ಆಸೆ. ಆದರೆ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಥರ ಕೇಳುತ್ತದೆ. ಒಂದು ಕಡೆ ಪಿಯುಸಿ ಪಾಸಾದರೆ ಸಾಕು, ಇನ್ನೊಂದು ಕಡೆ ಎಂಟ್ರೆನ್ಸ್, ಮತ್ತೊಂದು ಕಡೆ ಗಣಿತ ಕಡ್ಡಾಯ. ಕೆನಡಾದಲ್ಲಿರುವ ಮಾವನ ಮಗ ಅಲ್ಲಿಗೇ ಬಾ ಅನ್ನುತ್ತಾನೆ. ಇವನ್ನೆಲ್ಲ ಹೋಲಿಸಿ ನೋಡುವುದು ಹೇಗೆ? ನನ್ನ ತಂಗಿ ಈಗ ಹತ್ತನೇ ತರಗತಿ. ಅವಳು ಯಾವ ಕಾಂಬಿನೇಷನ್ ತಗೊಂಡರೆ ಒಳ್ಳೆಯದು?

ಉತ್ತರ:

ನಾನು ಪಿಯು ಮಕ್ಕಳಿಗೆ ಅಕೌಂಟೆನ್ಸಿ ಪಾಠ ಮಾಡಿಕೊಂಡು ಬಂದವನು. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಿನ್ನ ಗೊಂದಲದ ಮುಕ್ಕಾಲು ಪಾಲು ಒಂದೇ ಕಡೆಯಿಂದ ಬಂದಿದೆ. ಅರ್ಹತೆಯನ್ನೂ ಆಯ್ಕೆಯನ್ನೂ ಒಂದೇ ಅಂತ ಓದುತ್ತಿದ್ದೀಯ. ಮೆಜೆಸ್ಟಿಕ್‌ನಲ್ಲಿ ಟಿಕೆಟ್ ತಗೊಂಡವರೆಲ್ಲ ಬಸ್ ಹತ್ತಬಹುದು. ಸೀಟು ಸಿಗುತ್ತೆ ಅಂತ ಕಂಡಕ್ಟರ್ ಎಲ್ಲಿ ಹೇಳಿದ್ದಾನೆ? ಬ್ರೋಷರ್‌ನಲ್ಲಿ ‘ಪಿಯುಸಿಯಲ್ಲಿ ಕನಿಷ್ಠ ಶೇ 50’ ಅಂತ ಇರುತ್ತಲ್ಲ, ಅದು ಬಸ್ ಹತ್ತುವ ಟಿಕೆಟ್. ಸೀಟು ಯಾರಿಗೆ ಅನ್ನುವುದನ್ನು ಬೇರೆ ಏನೋ ತೀರ್ಮಾನಿಸುತ್ತದೆ. ಕೆಲವು ಕಡೆ ಅದು ಪಿಯು ಅಂಕ, ಕೆಲವು ಕಡೆ ಎರಡು ಗಂಟೆಯ ಪರೀಕ್ಷೆ, ಇನ್ನು ಕೆಲವು ಕಡೆ ಹತ್ತು ನಿಮಿಷದ ಮಾತುಕತೆ. ಆದ್ದರಿಂದ ಎರಡು ಕಾಲೇಜುಗಳನ್ನು ಪಕ್ಕಪಕ್ಕ ಇಟ್ಟಾಗ ಕೇಳಬೇಕಾದ ಮೊದಲ ಪ್ರಶ್ನೆ ‘ನಾನು ಅರ್ಜಿ ಹಾಕಬಹುದಾ’ ಅಂತ ಅಲ್ಲ. ‘ಅರ್ಜಿ ಹಾಕಿದವರನ್ನು ಯಾವುದರ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ’ ಅಂತ.

ಮನೆ ಹತ್ತಿರದಿಂದಲೇ ಶುರು ಮಾಡೋಣ. ಪ್ರತಿ ವರ್ಷ ಯಾರಾದರೂ ಒಬ್ಬ ಪೋಷಕರು ‘ಸಾರ್, ಬಿಬಿಎಗೆ ಸಿಇಟಿ ಬರೆಯಬೇಕಾ?’ ಅಂತ ಕೇಳುತ್ತಾರೆ. ಬೇಡ. ನಮ್ಮ ಕೆಇಎ (ರಾಜ್ಯ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ ಎಂಜಿನಿಯರಿಂಗ್, ಕೃಷಿ, ಫಾರ್ಮಸಿ ಇಂಥ ಕೋರ್ಸುಗಳಿಗೆ. ಬಿಕಾಂ, ಬಿಬಿಎ ಅದರಲ್ಲಿ ಬರುವುದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯ, ಬೆಂಗಳೂರು ನಗರ ವಿಶ್ವವಿದ್ಯಾಲಯ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇವುಗಳ ಕೆಳಗಿನ ಕಾಲೇಜುಗಳಿಗೆ ಪಿಯುಸಿ ಪಾಸಾಗಿದ್ದರೆ ಅರ್ಹತೆ ಮುಗಿಯಿತು. ಗಣಿತ ಕೇಳುವುದಿಲ್ಲ. ಆರ್ಟ್ಸ್ ಓದಿದವರೂ ಬಿಬಿಎಗೆ ಬರಬಹುದು, ಮೂರು ವರ್ಷದ ಡಿಪ್ಲೊಮಾ ಮಾಡಿದವರೂ ಬರಬಹುದು. ಅರ್ಜಿ ಯುಯುಸಿಎಂಎಸ್ ಅನ್ನುವ ಸರ್ಕಾರಿ ಆನ್‌ಲೈನ್ ಪೋರ್ಟಲ್ ಮೂಲಕ. ರೇಸ್‌ಕೋರ್ಸ್ ಹತ್ತಿರದ ಸರ್ಕಾರಿ ಆರ್.ಸಿ. ಕಾಲೇಜನ್ನು ನಮ್ಮ ಕಡೆಯ ಜನ ಸುಮ್ನೆ ಕಡೆಗಣಿಸುತ್ತಾರೆ. ಕಾಮರ್ಸ್ ಮತ್ತು ಮ್ಯಾನೇಜ್‌ಮೆಂಟ್‌ಗೆಂದೇ ಇರುವ ಸರ್ಕಾರಿ ಕಾಲೇಜು ಅದು. ಅಲ್ಲಿ ಮೂರು ವರ್ಷಕ್ಕೆ ಕಟ್ಟುವ ಒಟ್ಟು ಫೀಸು ದೊಡ್ಡ ಖಾಸಗಿ ವಿಶ್ವವಿದ್ಯಾಲಯದ ಒಂದು ಸೆಮಿಸ್ಟರ್‌ಗೂ ಸಾಲುವುದಿಲ್ಲ. ಆದರೆ ಇಲ್ಲಿ ಸಾಲು ನಿಲ್ಲಿಸುವುದು ಪಿಯು ಅಂಕ ಮತ್ತು ಮೀಸಲಾತಿ. ಎರಡನೇ ಪಿಯುವಿನಲ್ಲಿ ಹಿಂದೆ ಬಿದ್ದರೆ ಸರಿಪಡಿಸಿಕೊಳ್ಳಲು ಇಲ್ಲಿ ಇನ್ನೊಂದು ಪರೀಕ್ಷೆ ಇರುವುದಿಲ್ಲ.

ಇರುವುದಿಲ್ಲ ಅಂದೆ, ಅದು ಪೂರ್ತಿ ನಿಜ ಅಲ್ಲ. 2024ರಿಂದ ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಬಂದಿದೆ. ಫೇಲಾದವರಿಗೆ ಮಾತ್ರ ಅಂದುಕೊಳ್ಳಬೇಡ. ಅಂಕ ಕಡಿಮೆ ಬಂತು ಅನ್ನಿಸಿದವರೂ ಮತ್ತೆ ಬರೆಯಬಹುದು. ಅಕೌಂಟೆನ್ಸಿಯಲ್ಲಿ ಒಂದು ಬ್ಯಾಲೆನ್ಸ್ ಶೀಟು ತಾಳೆಯಾಗದೆ ಹತ್ತು ಅಂಕ ಹೋಯಿತು ಅಂತ ಅಳುವವರನ್ನು ವರ್ಷಾವರ್ಷ ನೋಡಿದ್ದೇನೆ. ಈಗ ಅವರಿಗೊಂದು ದಾರಿ ಇದೆ.

ಇನ್ನು ‘ಅಂಕ’ ಅಂದಾಗ ಯಾವ ಅಂಕ? ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ಮಕ್ಕಳು ಎಡವುವುದು ಇಲ್ಲೇ. ಒಂದು ಮಾದರಿ ಅಂಕಪಟ್ಟಿ ತಗೊ. ಕನ್ನಡ 98, ಇಂಗ್ಲಿಷ್ 76, ಇತಿಹಾಸ 95, ಅರ್ಥಶಾಸ್ತ್ರ 82, ವ್ಯವಹಾರ ಅಧ್ಯಯನ 86, ಲೆಕ್ಕಶಾಸ್ತ್ರ 79. ಒಟ್ಟು 600ಕ್ಕೆ 516. ಶೇ 86. ಮನೆಯಲ್ಲಿ ಸಿಹಿ ಹಂಚುತ್ತಾರೆ. ಈಗ ಒಂದು ಕಾಲೇಜು ಭಾಷೆಗಳನ್ನು ಬಿಟ್ಟು ನಾಲ್ಕು ಐಚ್ಛಿಕ ವಿಷಯ ಮಾತ್ರ ನೋಡುತ್ತದೆ ಅಂತಿಟ್ಟುಕೊ. 400ಕ್ಕೆ 342, ಶೇ 85.5. ದೊಡ್ಡ ವ್ಯತ್ಯಾಸ ಇಲ್ಲ. ಇನ್ನೊಂದು ಕಡೆ ಇಂಗ್ಲಿಷ್ ಜೊತೆಗೆ ಕಾಮರ್ಸ್‌ನ ಮೂರು ವಿಷಯ ಅನ್ನುತ್ತಾರೆ. ಆಗ 400ಕ್ಕೆ 323. ಶೇ 81ಕ್ಕೂ ಕಡಿಮೆ! ಅದೇ ಹುಡುಗಿ, ಅದೇ ಅಂಕಪಟ್ಟಿ. ಆದ್ದರಿಂದ ‘ಆ ಕಾಲೇಜಿಗೆ 85 ಬೇಕಂತೆ, ಈ ಕಾಲೇಜಿಗೆ 80 ಸಾಕಂತೆ’ ಅನ್ನುವ ಮಾತಿಗೆ ಬೆಲೆ ಇಲ್ಲ. ಆ 85 ಯಾವ ವಿಷಯಗಳ ಲೆಕ್ಕ, ಈ 80 ಯಾವುದರದ್ದು ಅಂತ ಮೊದಲು ಕೇಳು. ಅಕೌಂಟೆನ್ಸಿ ಮೇಷ್ಟ್ರಾಗಿ ಹೇಳುವುದಾದರೆ, ಛೇದ ಗೊತ್ತಿಲ್ಲದೆ ಶೇಕಡಾವಾರು ಹೋಲಿಸಬಾರದು.

ಬ್ರಿಗೇಡ್ ರಸ್ತೆಯ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜು, ವಸಂತನಗರದ ಮೌಂಟ್ ಕಾರ್ಮೆಲ್ ಇಂಥ ಸ್ವಾಯತ್ತ ಕಾಲೇಜುಗಳಲ್ಲಿ ಅಂಕ ನೋಡುತ್ತಾರೆ, ಮೇಲೆ ಸಂದರ್ಶನವೂ ಇರುತ್ತದೆ. ಇಲ್ಲಿ ನಿನ್ನ ಹತ್ತನೇ ತರಗತಿಯ ಅಂಕ, ಮೊದಲ ಪಿಯು ಅಂಕ ಕೂಡ ಮೇಜಿನ ಮೇಲೆ ಬರಬಹುದು. ಎರಡನೇ ಪಿಯು ಫಲಿತಾಂಶ ಬರುವ ಮೊದಲೇ ಅರ್ಜಿ ಹಾಕಿಸಿಕೊಳ್ಳುವ ಕಾಲೇಜಿಗೆ ಮೊದಲ ಪಿಯು ಅಂಕ ಬಿಟ್ಟರೆ ನೋಡಲು ಬೇರೆ ಏನಿದೆ ಹೇಳು? ‘ಫಸ್ಟ್ ಪಿಯು ಲೆಕ್ಕಕ್ಕಿಲ್ಲ’ ಅಂತ ನಮ್ಮ ಮಕ್ಕಳು ನಂಬಿಕೊಂಡಿದ್ದಾರಲ್ಲ, ಆ ನಂಬಿಕೆಯಿಂದ ಆದ ನಷ್ಟ ಸ್ವಲ್ಪ ಅಲ್ಲ.

ಆಮೇಲೆ ಕ್ರೈಸ್ಟ್. ಹೊಸೂರು ರಸ್ತೆಯ ಈ ಡೀಮ್ಡ್ ವಿಶ್ವವಿದ್ಯಾಲಯದ ಬಿಬಿಎಗೆ ಅದರದ್ದೇ ಎಂಟ್ರೆನ್ಸ್ ಇದೆ. ಜೊತೆಗೆ ಒಂದು ಪುಟ್ಟ ಪ್ರೆಸೆಂಟೇಷನ್, ಸಂದರ್ಶನ, ಹಿಂದಿನ ಅಂಕಗಳು. ಎಲ್ಲವನ್ನೂ ಸೇರಿಸಿ ಆಯ್ಕೆ. ಇಲ್ಲೊಂದು ತಮಾಷೆ ಇದೆ. ಈ ಪರೀಕ್ಷೆಯ ಹೆಸರೂ ಸಿಯುಇಟಿ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಪರೀಕ್ಷೆಯ ಹೆಸರೂ ಸಿಯುಇಟಿ. ಎರಡಕ್ಕೂ ಏನೂ ಸಂಬಂಧ ಇಲ್ಲ. ಒಂದನ್ನು ಬರೆದು ಇನ್ನೊಂದರ ಸ್ಕೋರ್ ಕಾರ್ಡ್ ಹುಡುಕುತ್ತಾ ಕೂತ ಪೋಷಕರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಸಿಂಬಯೋಸಿಸ್‌ನ ಬಿಬಿಎಗೆ ಸೆಟ್ ಅನ್ನುವ ಪರೀಕ್ಷೆ. 60 ಪ್ರಶ್ನೆ, 60 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದರಲ್ಲಿ ಆಯ್ಕೆಯಾದವರಿಗೆ ಬರವಣಿಗೆ ಮತ್ತು ಸಂದರ್ಶನ. ಪಿಯುನಲ್ಲಿ ಶೇ 50 ಇದ್ದರೆ ಅರ್ಹತೆ, ಎಸ್‌ಸಿ ಎಸ್‌ಟಿ ವಿದ್ಯಾರ್ಥಿಗಳಿಗೆ ಶೇ 45. ಎನ್‌ಎಂಐಎಂಎಸ್ ಅನ್ನುವ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಎನ್‌ಪ್ಯಾಟ್ ಪರೀಕ್ಷೆ, ಅದರಲ್ಲೂ ನೆಗೆಟಿವ್ ಅಂಕ ಇಲ್ಲ. ಇಂಥ ಪರೀಕ್ಷೆಗಳಲ್ಲಿ ಒಂದೂ ಪ್ರಶ್ನೆ ಖಾಲಿ ಬಿಡಬಾರದು. ಗೊತ್ತಿಲ್ಲದಿದ್ದರೆ ಊಹೆ ಮಾಡಿ ಒತ್ತಬೇಕು. ನಮ್ಮ ಒಳ್ಳೆಯ ಮಕ್ಕಳಿಗೆ ಇದು ಮೋಸ ಅನ್ನಿಸುತ್ತದೆ. ಮೋಸ ಏನಿಲ್ಲಮ್ಮ, ಅದೇ ಅಲ್ಲಿನ ಆಟದ ನಿಯಮ.

ಸಂದರ್ಶನದ ಬಗ್ಗೆ ಒಂದು ಮಾತು, ಯಾಕೆಂದರೆ ಕನ್ನಡ ಮಾತಾಡುವ ಮನೆಯಿಂದ ಬಂದ ಮಕ್ಕಳು ಇದಕ್ಕೇ ಜಾಸ್ತಿ ಹೆದರುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ಒಬ್ಬ ವಿದ್ಯಾರ್ಥಿಯನ್ನು ‘ಬಿಕಾಂ ಬಿಟ್ಟು ಬಿಬಿಎ ಯಾಕೆ?’ ಅಂತ ಕೇಳಿದರಂತೆ. ಅವನ ಅಪ್ಪನದ್ದು ಕಾಂಡಿಮೆಂಟ್ಸ್ ಅಂಗಡಿ. ಹುಡುಗ ನೇರವಾಗಿ ಅದನ್ನೇ ಹೇಳಿದ. ಯುಗಾದಿ ಹಿಂದಿನ ವಾರ ಒಬ್ಬಟ್ಟು ಎಷ್ಟು ಮಾಡಿಸಬೇಕು ಅನ್ನುವುದು ಅಪ್ಪನಿಗೆ ಪ್ರತಿ ವರ್ಷ ಲೆಕ್ಕ ತಪ್ಪುತ್ತದೆ, ಒಂದು ವರ್ಷ ಉಳಿದು ಹಾಳಾಗುತ್ತದೆ, ಇನ್ನೊಂದು ವರ್ಷ ಮಧ್ಯಾಹ್ನಕ್ಕೇ ಖಾಲಿ, ಗಿರಾಕಿ ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ ಅಂತ. ಇಂಗ್ಲಿಷ್ ಅಲ್ಲಲ್ಲಿ ತಡವರಿಸಿತು. ಸೀಟು ಸಿಕ್ಕಿತು. ‘ಲೀಡರ್‌ಶಿಪ್ ನನ್ನ ಪ್ಯಾಷನ್’ ಅಂತ ಬಾಯಿಪಾಠ ಒಪ್ಪಿಸಿದ ಅವನ ಗೆಳೆಯನಿಗೆ ಸಿಗಲಿಲ್ಲ. ಒಂದು ಉದಾಹರಣೆಯಿಂದ ನಿಯಮ ಮಾಡಲು ಆಗುವುದಿಲ್ಲ, ಗೊತ್ತು. ಆದರೂ ಎದುರಿಗೆ ಕೂತವರು ಕೇಳಲು ಇಷ್ಟಪಡುವುದು ಏನು ಅಂತ ಅಂದಾಜು ಸಿಗುತ್ತದೆ ಅಲ್ವಾ?

ಖಾಸಗಿ ಕಾಲೇಜಿನ ಬಿಬಿಎ ನೋಡುವಾಗ ಇನ್ನೊಂದು ಪರಿಶೀಲನೆ ಮಾಡು. 2024-25ರಿಂದ ಬಿಬಿಎ, ಬಿಎಂಎಸ್ (ಇದೂ ಮ್ಯಾನೇಜ್‌ಮೆಂಟ್ ಪದವಿಯೇ), ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ವ್ಯಾಪ್ತಿಗೆ ಬಂದಿವೆ. ಕಾಲೇಜಿಗೆ ಆ ಅನುಮೋದನೆ ಇದೆಯಾ ಅಂತ ಕೇಳು. ಬಿಕಾಂಗೆ ಇದು ಅನ್ವಯಿಸುವುದಿಲ್ಲ. ಹಾಗೆಯೇ ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿವೆ. ಕೆಲವು ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕನೇ ವರ್ಷದ ಆನರ್ಸ್ ಇದೆ. ಫೀಸು ಹೋಲಿಸುವಾಗ ಮೂರು ವರ್ಷದ್ದಾ ನಾಲ್ಕು ವರ್ಷದ್ದಾ ನೋಡಿಕೊ.

ಈಗ ಗಣಿತ. ನಿನ್ನ ಪತ್ರದ ನಿಜವಾದ ನೋವು ಇದೇ ಅಂತ ನನಗೆ ಅನ್ನಿಸಿತು.

ಗಣಿತ ಎರಡು ಥರ ಅಡ್ಡ ಬರುತ್ತದೆ. ಒಂದು, ಅಂಕಪಟ್ಟಿಯಲ್ಲೇ ಗಣಿತ ಇರಬೇಕು ಅನ್ನುವ ಕಡೆ. ಇನ್ನೊಂದು, ಅಂಕಪಟ್ಟಿಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಆದರೆ ಪರೀಕ್ಷೆಯಲ್ಲಿ ಗಣಿತ ಬರುತ್ತದೆ ಅನ್ನುವ ಕಡೆ. ಮೊದಲನೆಯದು ಮುಚ್ಚಿದ ಬಾಗಿಲು. ಎರಡನೆಯದು ಬರೀ ಭಾರವಾದ ಬಾಗಿಲು. ಜನ ಎರಡನ್ನೂ ಒಂದೇ ಅಂದುಕೊಂಡು ಎರಡರಿಂದಲೂ ವಾಪಸ್ ಬರುತ್ತಾರೆ.

ಮುಚ್ಚಿದ ಬಾಗಿಲಿಗೆ ಉದಾಹರಣೆ ದೆಹಲಿ ವಿಶ್ವವಿದ್ಯಾಲಯದ ಬಿಎಂಎಸ್. ರೋಹಿಣಿಯಲ್ಲಿರುವ ಶಹೀದ್ ಸುಖದೇವ್ ಕಾಲೇಜು ಇದಕ್ಕೆ ಹೆಸರುವಾಸಿ. ಎನ್‌ಟಿಎ ಸಿಯುಇಟಿಯಲ್ಲಿ ಇಂಗ್ಲಿಷ್, ಗಣಿತ ಅಥವಾ ಅನ್ವಯಿಕ ಗಣಿತ, ಜೊತೆಗೆ ಸಾಮಾನ್ಯ ಪರೀಕ್ಷೆ ಬರೆಯಬೇಕು. ಹನ್ನೆರಡನೇ ತರಗತಿಯಲ್ಲಿ ಗಣಿತ ಪಾಸಾಗಿರಬೇಕು. ಹೆಚ್‌ಇಬಿಎಯಲ್ಲಿ ಶೇ 96 ತೆಗೆದ ನನ್ನ ಒಬ್ಬಳು ಶಿಷ್ಯೆ ಅರ್ಜಿ ತುಂಬುವ ದಿನ ಈ ಸಾಲು ಓದಿದಳು. ಎರಡು ವರ್ಷ ಹಿಂದೆ ಕಾಂಬಿನೇಷನ್ ಫಾರಂನಲ್ಲಿ ಒಂದು ಟಿಕ್ ಹಾಕುವಾಗ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಆದರೆ ಅದೇ ದೆಹಲಿಯಲ್ಲಿ ಪಕ್ಕದ ಬಾಗಿಲು ತೆರೆದಿದೆ. ಬಿಕಾಂ ಆನರ್ಸ್‌ಗೆ ಈಚಿನ ವರ್ಷಗಳಲ್ಲಿ ಎರಡು ದಾರಿ ಕೊಟ್ಟಿದ್ದಾರೆ. ಒಂದು ಗಣಿತದ್ದು. ಇನ್ನೊಂದರಲ್ಲಿ ಗಣಿತದ ಬದಲು ಅಕೌಂಟೆನ್ಸಿ: ಒಂದು ಭಾಷೆ, ಅಕೌಂಟೆನ್ಸಿ, ಮತ್ತೆ ಎರಡು ವಿಷಯ. ನಿನ್ನ ಹತ್ತಿರ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎರಡೂ ಇವೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಆ ‘ಒಂದು ಭಾಷೆ’ಯ ಪಟ್ಟಿಯಲ್ಲಿ ಕನ್ನಡವೂ ಇದೆ! 1926ರಲ್ಲಿ ಶುರುವಾದ ಶ್ರೀರಾಮ್ ಕಾಮರ್ಸ್ ಕಾಲೇಜಿನ ಸಾಲಿನಲ್ಲಿ ಕನ್ನಡ ಪತ್ರಿಕೆಯ ಅಂಕ ಹಿಡಿದು ನಿಲ್ಲಬಹುದು. ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದಕ್ಕೆ ತಯಾರಿರಬೇಕು ಅಷ್ಟೆ. ಸಿಯುಇಟಿಯಲ್ಲಿ ಪ್ರತಿ ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ, ಸರಿ ಉತ್ತರಕ್ಕೆ 5, ತಪ್ಪಿಗೆ 1 ಅಂಕ ಕಡಿತ. ಹಾಗಾಗಿ ಸೆಟ್‌ನಲ್ಲಿ ಮಾಡಿದ ಹಾಗೆ ಇಲ್ಲಿ ಕಣ್ಣು ಮುಚ್ಚಿ ಒತ್ತಬೇಡ. ಪಠ್ಯ ಎನ್‌ಸಿಇಆರ್‌ಟಿಯದ್ದು. ನಮ್ಮ ಪಿಯು ಕಾಮರ್ಸ್ ಪುಸ್ತಕಗಳೂ ಬಹುತೇಕ ಅದರ ಆಧಾರದವೇ. ಓದಿದ್ದನ್ನೇ ಬೇರೆ ಥರ ಕೇಳುತ್ತಾರೆ. ಪುಟಗಟ್ಟಲೆ ಬರೆಯುವ ಅಭ್ಯಾಸ ಇರುವವರು ನಾಲ್ಕು ಆಯ್ಕೆಯಲ್ಲಿ ಒಂದನ್ನು ಬೇಗ ಹಿಡಿಯುವುದನ್ನು ಕಲಿಯಬೇಕು.

ಭಾರವಾದ ಬಾಗಿಲು ಅಂದರೆ ಐಐಎಂಗಳ ಐದು ವರ್ಷದ ಐಪಿಎಂ. ಪಿಯು ಆದಮೇಲೆ ಸೇರಿ ಐದು ವರ್ಷಕ್ಕೆ ಎಂಬಿಎ ತನಕ ಹೋಗುವ ಕೋರ್ಸು ಇದು. 2011ರಲ್ಲಿ ಇಂದೋರ್ ಶುರು ಮಾಡಿತು, ಆಮೇಲೆ ರೋಹ್ಟಕ್, ರಾಂಚಿ, ಜಮ್ಮು, ಬೋಧಗಯಾ ಬಂದವು. ಸೇರಲು ಪಿಯುನಲ್ಲಿ ಇಂಥದ್ದೇ ವಿಭಾಗ ಓದಿರಬೇಕು ಅಂತ ಇಲ್ಲ. ಅದನ್ನು ಓದಿ ಖುಷಿಪಡುವ ಮೊದಲು ಪ್ರಶ್ನೆಪತ್ರಿಕೆ ತೆಗೆದು ನೋಡು. ಇಂದೋರ್‌ನ ಐಪಿಮ್ಯಾಟ್‌ನಲ್ಲಿ ಈಚೆಗೆ 90 ಪ್ರಶ್ನೆ, ಅದರಲ್ಲಿ 45 ಗಣಿತ. ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ. ಗಣಿತದ 15 ಪ್ರಶ್ನೆಗಳಿಗೆ ಆಯ್ಕೆಯೇ ಇರುವುದಿಲ್ಲ, ಉತ್ತರ ನೀನೇ ಟೈಪ್ ಮಾಡಬೇಕು. ಲಾಗರಿದಮ್, ಶ್ರೇಣಿ, ಮ್ಯಾಟ್ರಿಕ್ಸ್ ಎಲ್ಲ ಬರುತ್ತವೆ. ಜಮ್ಮು ಮತ್ತು ಬೋಧಗಯಾಗೆ ಜಿಪ್‌ಮ್ಯಾಟ್, 100 ಪ್ರಶ್ನೆ, 150 ನಿಮಿಷ. ಅದು ಇಂದೋರ್‌ನಷ್ಟು ಬಿಗಿ ಅಲ್ಲ. ನೀನು ಎರಡು ವರ್ಷದಿಂದ ಗಣಿತ ಮುಟ್ಟಿಲ್ಲ. ಒಂದು ವರ್ಷ ನಿತ್ಯ ಒಂದೂವರೆ ಗಂಟೆ ಕೂತರೆ ಜಿಪ್‌ಮ್ಯಾಟ್ ನಿನ್ನ ಕೈಗೆ ಎಟುಕುತ್ತದೆ. ಮೂರು ತಿಂಗಳ ಕ್ರ್ಯಾಶ್ ಕೋರ್ಸಿನಲ್ಲಿ ಇಂದೋರ್ ದಾಟಿಸುತ್ತೇವೆ ಅನ್ನುವ ಕೋಚಿಂಗ್ ಜಾಹೀರಾತಿಗೆ ದುಡ್ಡು ಸುರಿಯಬೇಡ.

ಬನ್ನೇರುಘಟ್ಟ ರಸ್ತೆಯ ನಮ್ಮ ಐಐಎಂ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ಅಲ್ಲಿ ಐಪಿಎಂ ಇಲ್ಲ. 2024ರಲ್ಲಿ ಡಿಜಿಟಲ್ ಬಿಸಿನೆಸ್ ಅಂತ ಆನ್‌ಲೈನ್ ಬಿಬಿಎ ಶುರುವಾಗಿದೆ, ಅದಕ್ಕೆ ಅದರದ್ದೇ ಪರೀಕ್ಷೆ. ಜಿಗಣಿ ಕ್ಯಾಂಪಸ್‌ಗೆ ಘೋಷಿಸಿರುವ ಪದವಿಗಳು ಅರ್ಥಶಾಸ್ತ್ರ ಮತ್ತು ಡೇಟಾ ಸೈನ್ಸ್‌ನ ಬಿಎಸ್ಸಿ ಆನರ್ಸ್. ಅವಕ್ಕೆ ಗಣಿತ ಬೇಕೇ ಬೇಕು. ಅವು ಬಿಬಿಎ ಅಲ್ಲ, ಹೆಸರು ನೋಡಿ ಮರುಳಾಗಬೇಡ.

ಮುಚ್ಚಿದ ಬಾಗಿಲು ತೆರೆಯಲು ಒಂದು ಸುತ್ತು ದಾರಿ ಇದೆ. ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಒಂದೇ ಒಂದು ವಿಷಯಕ್ಕೆ ದಾಖಲಾಗಿ, ಹನ್ನೆರಡನೇ ತರಗತಿಯ ಗಣಿತ ಮಾತ್ರ ಬರೆಯಬಹುದು. ಆದರೆ ಕೆಲವು ವಿಶ್ವವಿದ್ಯಾಲಯಗಳು ಎಲ್ಲ ವಿಷಯ ಒಂದೇ ಮಂಡಳಿಯ ಒಂದೇ ಅಂಕಪಟ್ಟಿಯಲ್ಲಿ ಇರಬೇಕು ಅನ್ನುತ್ತವೆ. ಮೊದಲು ನೀನು ಗುರಿ ಇಟ್ಟ ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು ಉತ್ತರ ತರಿಸಿಕೊ, ಆಮೇಲೆ ಫೀಸು ಕಟ್ಟು. ಫೋನಿನಲ್ಲಿ ‘ಆಗುತ್ತೆ ಬನ್ನಿ’ ಅಂದ ಮಾತಿಗೆ ಸಾಕ್ಷಿ ಇರುವುದಿಲ್ಲ.

ಇನ್ನು ಮಾವನ ಮಗನ ಕೆನಡಾ. ಅಲ್ಲಿ ಒಂಟಾರಿಯೊ ಪ್ರಾಂತ್ಯದ ಹನ್ನೆರಡನೇ ತರಗತಿಯಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಮೂರು ಬೇರೆ ಬೇರೆ ಗಣಿತ ಇವೆ: ಅಡ್ವಾನ್ಸ್ಡ್ ಫಂಕ್ಷನ್ಸ್, ಕ್ಯಾಲ್ಕುಲಸ್ ಮತ್ತು ವೆಕ್ಟರ್ಸ್, ಡೇಟಾ ಮ್ಯಾನೇಜ್‌ಮೆಂಟ್. ವಿಶ್ವವಿದ್ಯಾಲಯಗಳು ತಮಗೆ ಯಾವುದು ಬೇಕು ಅಂತ ಹೆಸರು ಹಿಡಿದು ಕೇಳುತ್ತವೆ. ಟೊರೊಂಟೊದ ರಾಟ್ಮನ್ ಕಾಮರ್ಸ್, ಕ್ವೀನ್ಸ್‌ನ ಸ್ಮಿತ್ ಕಾಮರ್ಸ್ ಎರಡೂ ಕ್ಯಾಲ್ಕುಲಸ್ ಕೇಳುತ್ತವೆ. ಅಂಕದ ಜೊತೆ ಪೂರಕ ಅರ್ಜಿ ಅಂತ ಇನ್ನೊಂದು ಇರುತ್ತದೆ, ಪ್ರಬಂಧದ ಥರದ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಶೇ 95 ಇದ್ದು ಪೂರಕ ಅರ್ಜಿ ಕಾಟಾಚಾರಕ್ಕೆ ತುಂಬಿದರೆ ಕೆಲಸ ಕೆಡುತ್ತದೆ. ನಿನ್ನ ಕಾಂಬಿನೇಷನ್‌ಗೆ ಈ ಎರಡೂ ಆಗುವುದಿಲ್ಲ. ಅಲ್ಲೇ ಬೇರೆ ಪದವಿಗೆ ಅಥವಾ ಕಾಲೇಜು ಡಿಪ್ಲೊಮಾಗೆ ಹೋಗಬಹುದು. ನಿನ್ನ ಮಾವನ ಮಗ ಯಾವುದರ ಬಗ್ಗೆ ಹೇಳುತ್ತಿದ್ದಾನೆ ಅಂತ ಕೇಳು. ‘ಕೆನಡಾದಲ್ಲಿ ಬಿಸಿನೆಸ್ ಓದುತ್ತಿದ್ದೇನೆ’ ಅನ್ನುವ ಮಾತಿನಲ್ಲಿ ಎರಡು ವರ್ಷದ ಡಿಪ್ಲೊಮಾವೂ ಅಡಗಿರಬಹುದು, ನಾಲ್ಕು ವರ್ಷದ ಪದವಿಯೂ ಇರಬಹುದು. ಎರಡರ ಅರ್ಹತೆಯೂ ಬೇರೆ, ಆಮೇಲಿನ ಬೆಲೆಯೂ ಬೇರೆ.

ಸೀಟು ಸಿಕ್ಕರೂ ವೀಸಾದ ಲೆಕ್ಕ ಬೇರೆ. 2024ರ ಜನವರಿಯಿಂದ ಅಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದ್ದಾರೆ, ಪ್ರಾಂತ್ಯದಿಂದ ದೃಢೀಕರಣ ಪತ್ರ ಬೇಕು. ಮೊದಲ ವರ್ಷದ ಫೀಸು ಮತ್ತು ಪ್ರಯಾಣದ ಖರ್ಚು ಬಿಟ್ಟು, ಬರೀ ಜೀವನದ ಖರ್ಚಿಗೆ ಮೊದಲು 10,000 ಡಾಲರ್ ತೋರಿಸಿದರೆ ಸಾಕಿತ್ತು. 2024ರಲ್ಲಿ ಅದು 20,635 ಆಯಿತು. 2025ರ ಸೆಪ್ಟೆಂಬರ್‌ನಿಂದ 22,895 ಕೆನಡಾ ಡಾಲರ್. ಮಾವನ ಮಗ ಹೋದ ಕಾಲದ ಲೆಕ್ಕ ಹಿಡಿದು ಅಪ್ಪನ ಹತ್ತಿರ ಮಾತಾಡಬೇಡ. ನನ್ನ ಅಭಿಪ್ರಾಯ ಕೇಳಿದರೆ, ನಿನ್ನ ಈಗಿನ ಕಾಂಬಿನೇಷನ್ ಇಟ್ಟುಕೊಂಡು ಪದವಿಗೆ ಅಲ್ಲಿಗೆ ಹೋಗುವುದು ಬೇಡ. ಇಲ್ಲಿ ಪದವಿ ಮುಗಿಸಿ ಹೋದರೆ ಆಯ್ಕೆ ಹೆಚ್ಚು.

ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಸಂಬಂಧಿಕರ ಹುಡುಗನೊಬ್ಬನಿಗೆ ಪಿಯು ಫಲಿತಾಂಶಕ್ಕೆ ಮೊದಲೇ ಒಂದು ಖಾಸಗಿ ಸಂಸ್ಥೆಯವರು ‘ಇವತ್ತು ಸಂಜೆಯೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತೆ’ ಅಂದರು. ಕಟ್ಟಿದೆವು. ತಿಂಗಳಾದ ಮೇಲೆ ಇಷ್ಟದ ಕಾಲೇಜು ಸಿಕ್ಕಿತು. ದುಡ್ಡು ವಾಪಸ್ ಕೇಳಿದರೆ ಇವತ್ತು ಬನ್ನಿ ನಾಳೆ ಬನ್ನಿ. ಒರಿಜಿನಲ್ ಅಂಕಪಟ್ಟಿಯನ್ನೂ ಇಟ್ಟುಕೊಂಡಿದ್ದರು. ಕೊನೆಗೆ ನಾನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸುತ್ತೋಲೆಯ ಪ್ರತಿ ತಗೊಂಡು ಹೋಗಿ ಮೇಜಿನ ಮೇಲಿಟ್ಟಾಗ ಮಾತಿನ ಧಾಟಿ ಬದಲಾಯಿತು. ಫೀಸು ಮರಳಿಸುವ ಬಗ್ಗೆ ಯುಜಿಸಿ ನಿಯಮ ಇದೆ. 2024-25ರಲ್ಲಿ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟವರಿಗೆ ಪೂರ್ತಿ ಫೀಸು ಕೊಡಬೇಕು ಅಂತ ಇತ್ತು. ಪರಿಶೀಲನೆಗೆ ನೋಡಿ ಒರಿಜಿನಲ್ ಕೈಗೇ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ. ನೀನು ಸೇರುವ ವರ್ಷದ ಸುತ್ತೋಲೆಯನ್ನು ಫೀಸು ಕಟ್ಟುವ ಮೊದಲೇ ಪ್ರಿಂಟ್ ತೆಗೆದು ಇಟ್ಟುಕೊ.

ಹಾಗಾದರೆ ನೀನೇನು ಮಾಡಬೇಕು? ನಾನಾಗಿದ್ದರೆ ಒಂದು ನೋಟ್‌ಬುಕ್ಕಿನ ಪುಟದಲ್ಲಿ ಗೆರೆ ಹಾಕಿ, ಪ್ರತಿ ಕಾಲೇಜಿನ ಮುಂದೆ ಬರೆಯುತ್ತಿದ್ದೆ: ಯಾವ ವಿಷಯ ಇರಲೇಬೇಕು, ಯಾವ ಅಂಕ ಹೇಗೆ ಲೆಕ್ಕ ಹಾಕುತ್ತಾರೆ, ಪರೀಕ್ಷೆಯಲ್ಲಿ ಏನಿದೆ, ಅರ್ಜಿಗೆ ಕೊನೆಯ ದಿನ ಯಾವಾಗ. ಕೊನೆಯ ದಿನದ ಕಾಲಮ್ಮು ಮರೆಯಬೇಡ. ಪಿಯು ಫಲಿತಾಂಶ ಬಂದಮೇಲೆ ನೋಡೋಣ ಅಂತ ಕೂತರೆ ಎಂಟ್ರೆನ್ಸ್ ಇರುವ ಕಾಲೇಜುಗಳ ಅರ್ಜಿ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಆಮೇಲೆ ನಿನ್ನ ಪಟ್ಟಿಯಲ್ಲಿ ಅಂಕದ ಮೇಲೆ ತಗೊಳ್ಳುವ ಎರಡು ಕಾಲೇಜು ಇರಲಿ, ಪರೀಕ್ಷೆ ಮತ್ತು ಸಂದರ್ಶನ ಇರುವ ಎರಡು ಇರಲಿ, ಎನ್‌ಟಿಎ ಸಿಯುಇಟಿ ಒಂದು ಇರಲಿ. ಎಲ್ಲ ಒಂದೇ ಥರದವು ಆದರೆ ಒಂದು ದಿನ ತಲೆನೋವು ಬಂದರೆ ಎಲ್ಲವೂ ಹೋಗುತ್ತವೆ. ಹತ್ತು ಕಡೆ ಅರ್ಜಿ ಹಾಕುವುದೂ ಬೇಡ. ಅರ್ಜಿ ಶುಲ್ಕಕ್ಕೇ ಅಪ್ಪನ ಅರ್ಧ ಸಂಬಳ ಹೋಗುತ್ತದೆ.

ಬಿಕಾಂ ಕಡೆಯೂ ಒಮ್ಮೆ ಕಣ್ಣು ಹಾಯಿಸು. ಬಿಬಿಎ ಅಂದರೆ ಏನೋ ಮೇಲು, ಬಿಕಾಂ ಅಂದರೆ ಹಳೆಯದು ಅನ್ನುವ ಭಾವನೆ ಈಚೆಗೆ ಬಂದಿದೆ. ಅಕೌಂಟ್ಸ್ ಇಷ್ಟ ಇರುವ ಮಕ್ಕಳಿಗೆ ನಾನು ಈಗಲೂ ಬಿಕಾಂ ಅನ್ನುತ್ತೇನೆ. ಸಿಎ ಮಾಡುವ ಯೋಚನೆ ಸ್ವಲ್ಪವಾದರೂ ಇದ್ದರಂತೂ ಅದೇ ಸರಿ. ನಿನ್ನ ಪತ್ರದಲ್ಲಿ ಬಿಬಿಎ ಯಾಕೆ ಅಂತ ನೀನು ಒಂದು ಸಾಲೂ ಬರೆದಿಲ್ಲ, ಅದಕ್ಕೇ ಕೇಳಿದೆ. ಸಂದರ್ಶನದಲ್ಲೂ ಅದನ್ನೇ ಕೇಳುತ್ತಾರೆ.

ಕೊನೆಗೆ ತಂಗಿ. ಅವಳಿಗೆ ಕಾಮರ್ಸ್ ಇಷ್ಟ ಇದ್ದರೆ, ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಕೊಡುವ ಕಾಲೇಜು ಹುಡುಕು. ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಹಾಗಾಗಿ ಕಾಲೇಜಿಗಿಂತ ಮೊದಲು ಕಾಂಬಿನೇಷನ್ ನೋಡಿ. ‘ಬೇಸಿಕ್’ ಅಂತ ಹೆಸರಿದ್ದರೂ ಅದರಲ್ಲಿ ಮ್ಯಾಟ್ರಿಕ್ಸ್, ಸಂಭವನೀಯತೆ, ಲೀನಿಯರ್ ಪ್ರೋಗ್ರಾಮಿಂಗ್, ಬಿಲ್ ಡಿಸ್ಕೌಂಟಿಂಗ್, ಷೇರು ಲೆಕ್ಕ, ಜೊತೆಗೆ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಕೂಡ ಇವೆ. ಹೆಸರಿನಿಂದಲೇ ಅದಕ್ಕೆ ಅನ್ಯಾಯ ಆಗಿದೆ. ಹೊರಗಿನ ವಿಶ್ವವಿದ್ಯಾಲಯದವರು ಆ ಹೆಸರು ನೋಡಿ ಇದು ಕೆಳದರ್ಜೆಯ ಗಣಿತ ಅಂದುಕೊಳ್ಳಬಹುದು. ಆದ್ದರಿಂದ ಸಿಲಬಸ್ ಪ್ರತಿಯನ್ನು ಕಾಲೇಜಿನ ಸೀಲು ಹಾಕಿಸಿ ಇಟ್ಟುಕೊಂಡಿರಲಿ, ಅರ್ಜಿಯ ಜೊತೆ ಕಳಿಸಲು ಬರುತ್ತದೆ. ಎಸ್‌ಇಬಿಎಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಇದೆ, ಒಳ್ಳೆಯ ವಿಷಯವೇ, ಡಿಗ್ರಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಗಣಿತ ಕೇಳುವ ಕಡೆ ಸ್ಟ್ಯಾಟಿಸ್ಟಿಕ್ಸ್ ತೋರಿಸಿದರೆ ಎಲ್ಲರೂ ಒಪ್ಪುವುದಿಲ್ಲ.

ಅವಳಿಗೆ ಗಣಿತ ಕಂಡರೆ ಆಗುವುದೇ ಇಲ್ಲ ಅಂದರೆ ಬಲವಂತ ಬೇಡ. ಬೇಸಿಕ್ ಮ್ಯಾಥ್ಸ್‌ನಲ್ಲಿ 55 ತೆಗೆದು ಒಟ್ಟು ಅಂಕ ಕೆಡಿಸಿಕೊಳ್ಳುವುದಕ್ಕಿಂತ, ಹೆಚ್‌ಇಬಿಎಯಲ್ಲಿ 90 ತೆಗೆದು ಆರ್.ಸಿ. ಕಾಲೇಜಿನ ಸಾಲಿನಲ್ಲಿ ಮುಂದೆ ನಿಲ್ಲುವುದು ಎಷ್ಟೋ ವಾಸಿ. ಎಸ್ಸೆಸ್ಸೆಲ್ಸಿ ಗಣಿತದ ಪ್ರಿಪರೇಟರಿ ಅಂಕ ಬರಲಿ, ಅದನ್ನು ನೋಡಿ ಇಬ್ಬರೂ ಕೂತು ಮಾತಾಡಿ. ಕಾಂಬಿನೇಷನ್ ಫಾರಂ ತುಂಬುವ ದಿನ ಅವಳ ಜೊತೆ ಕಾಲೇಜಿಗೆ ನೀನೂ ಹೋಗು.